ಕಾಡುತಾಳೆಗಳ ಶೋಧನೆಯೂ ಗ್ರಾಮಸ್ಥರ ಕರ್ತವ್ಯವೂ

ತೆಂಗು, ಅಡಕೆ, ತಾಳೆ, ಈಚಲು, ಬಗನೆ, ಬೆತ್ತ ಇವೆಲ್ಲವೂ ಒಂದೇ ಕುಲಕ್ಕೆ ಸೇರಿದವುಗಳೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದೇ ಇರುವುದು. ಇವುಗಳ ಪೈಕಿ ತೋಟದಲ್ಲಿ ಬೆಳೆಯತಕ್ಕವುಗಳಿಗೆ ನಾವು ಗೊಬ್ಬರವನ್ನು ಹಾಕಿ, ಔಷಧವನ್ನು ಸಿಂಪಡಿಸಿ, ಗೊನೆಗೊನೆಗೂ ಲೆಕ್ಕವನ್ನಿಡುತ್ತೇವೆ. ಅದೇ ಕುಲದ ಕಾಡುಜಾತಿಗಳು ತೋಟದ ಬೇಲಿಯಿಂದ ಒಂದು ಕೂಗಳತೆ ದೂರದ ಕಾನಿನಲ್ಲಿದ್ದರೂ ಅವುಗಳ ಹೆಸರನ್ನು ಬಲ್ಲವರು ವಿರಳ. ಅವುಗಳನ್ನು ಹುಡುಕುವುದು ಸಸ್ಯಶಾಸ್ತ್ರಜ್ಞರ ಕೆಲಸ, ಕಾಯುವುದು ಅರಣ್ಯ ಇಲಾಖೆಯ ಕೆಲಸ, ನಮಗೇನು ಎಂಬ ಮಾತನ್ನು ಮಲೆನಾಡಿನ ಜಮೀನುದಾರರ ಬಾಯಿಂದ ನಾನು ಅನೇಕಾವರ್ತಿ ಕೇಳಿರುವೆನು. ಈ ಅಭಿಪ್ರಾಯವು ಸರಿಯಲ್ಲವೆಂದೇ ನನ್ನ ವಾದವು.

ಶಾಸ್ತ್ರಜ್ಞರು ವರ್ಷದಲ್ಲಿ ನಾಲ್ಕು ದಿನ ಬಂದುಹೋಗತಕ್ಕವರು. ಕಾನಿನ ಒಳಗನ್ನು ಬಲ್ಲವರು ಕೊನೆಗಾರರು, ಜೇನು ಕೀಳುವವರು, ಬೆತ್ತ ತರುವವರು. ದಕ್ಷಿಣ ಕನ್ನಡದ ಘಟ್ಟದ ಕಾಡುಗಳಲ್ಲಿ ಜನರು ನಾಗಬೆತ್ತವೆಂದು ಕರೆಯುತ್ತಿದ್ದ ಜಾತಿಯು ಶಾಸ್ತ್ರಗ್ರಂಥಗಳಿಗೆ ಸೇರಿದುದು 1970ರ ಸುಮಾರಿಗೆ. ಅದಕ್ಕೆ ವಿದ್ವಾಂಸರು ಕೊಟ್ಟ ಹೆಸರು ಕಲಾಮಸ್ ನಾಗಬೆತ್ತೈ. ಹಳ್ಳಿಯವರು ಹೇಳದೆ ಇದ್ದಿದ್ದರೆ ಆ ಹೆಸರು ಎಲ್ಲಿಂದ ಬರುತ್ತಿತ್ತು?

ಹುಡುಕತಕ್ಕವುಗಳಲ್ಲಿ ಮುಖ್ಯವಾದುದು ಕಾಡಡಿಕೆ, ಎಂದರೆ ಪಿನಂಗ ಡಿಕ್ಸೋನೀ. ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲಿಯೂ ಇದು ಸ್ವಾಭಾವಿಕವಾಗಿ ಬೆಳೆಯುವುದಿಲ್ಲ. ನಿತ್ಯಹಸುರಿನ ಕಾನಿನಲ್ಲಿ, ಹಳ್ಳದ ದಂಡೆಯ ತಂಪಿನಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ ಹಿಂಡುಹಿಂಡಾಗಿ ನಿಂತಿರುವುದು. ಕಾಂಡವು ಅಡಕೆಯಂತೆಯೇ ಹಸುರು, ಉಂಗುರ ಗೆರೆಗಳುಳ್ಳದ್ದು. ಆದರೆ ಕೈಬೆರಳುಗಳಿಂದ ಸುತ್ತಿ ಹಿಡಿಯುವಷ್ಟು ಸಣ್ಣದು. ಹಾಳೆಯ ಕೆಳಗೆ ಸಿಂಗಾರವು ಕೆಲವೇ ಕಡ್ಡಿಗಳಾಗಿ ಇಳಿಬಿದ್ದು, ಕಾಯಿಗಳು ಹಣ್ಣಾದಾಗ ಕೆಂಪಾಗುವುವು. ಎರಡನೆಯದು ಕೆಲವೆಡೆ ದಡಸಲು ಎಂದು ಕರೆಯಿಸಿಕೊಳ್ಳುವ ಅರೆಂಗ ವೈಟೀ. ಇದೂ ಘಟ್ಟಗಳಿಗೇ ಮೀಸಲು. ಸೋಗೆಯ ಗರಿಗಳ ಕೆಳಮೈ ಬೂದಿ ಬಳಿದಂತೆ ಬಿಳುಪು, ಕಾಂಡಕ್ಕೆ ಕಪ್ಪು ನಾರಿನ ಹೊದಿಕೆ. ಇದರ ಕಾಂಡವು ಮೇಲಿನಿಂದ ಕೆಳಕ್ಕೆ ಹೂ ಬಿಡುತ್ತ ಬಂದು, ಫಲ ಮುಗಿದ ಮೇಲೆ ಸಾಯುವುದು. ಇದರ ಹಣ್ಣನ್ನು ಬಾಯಿಗೆ ಹಾಕಬಾರದು. ಬಗನೆಯ ಹಣ್ಣಿನಂತೆ ಅಸಾಧ್ಯ ತುರಿಕೆಯನ್ನುಂಟುಮಾಡುವುದು. ಕಬ್ಬೆಕ್ಕು ಬಗನೆಯ ಹಣ್ಣನ್ನು ಹೇಗೆ ತಿನ್ನುವುದೋ ಅದಕ್ಕೇ ಗೊತ್ತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಸುಮಾರು 15 ವರ್ಷಗಳ ಹಿಂದೆ ಉತ್ತರ ಕನ್ನಡದ ಒಂದು ಅಡಕೆ ತೋಟವನ್ನು ತನಿಖೆ ಮಾಡಲು ಹೋಗಿದ್ದೆನು. ತೋಟದ ತಲೆಯಲ್ಲಿದ್ದ ಹಳ್ಳದ ಪೊದೆಗಳನ್ನೆಲ್ಲ ಸವರಿ, ಕಾಲುವೆಯನ್ನು ನೇರಮಾಡಬೇಕೆಂದು ಯಜಮಾನರಿಗೆ ಸಲಹೆಯನ್ನಿತ್ತೆನು. ಜೊತೆಯಲ್ಲಿದ್ದ ಮುದುಕ ಕೊನೆಗಾರನು, “ಸ್ವಾಮೀ, ಅದು ಕಾಡಡಿಕೆ, ಕಡಿದರೆ ಮತ್ತೆ ಬರೂದಿಲ್ಲ” ಎಂದನು. ನಾನು ಪರೀಕ್ಷೆ ಪಾಸುಮಾಡಿದವನು. ಅವನ ಮಾತಿಗೆ ಬೆಲೆ ಕೊಡಲಿಲ್ಲ. ಮರುವರ್ಷ ಹೋಗಿ ನೋಡಿದಾಗ ಕಡಿಯದೆ ಉಳಿದಿದ್ದ ಹಿಂಡುಗಳೂ ಬಿಸಿಲಿಗೆ ಸುಟ್ಟು ಕೆಂಪಾಗಿದ್ದವು. ನೇರಮಾಡಿದ ಕಾಲುವೆಯಲ್ಲಿ ಮಣ್ಣು ಕೊಚ್ಚಿಬಂದು ತೋಟದ ಕಪ್ಪುಗಳು ತುಂಬಿದ್ದವು. ಯಜಮಾನರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇವುಗಳಿಂದ ಲಾಭವೇನೆಂದು ಕೇಳುವವರುಂಟು. ಕಾಡಡಿಕೆಯಿಂದ ನಾಳೆಯೇ ಹಳದಿ ಎಲೆ ರೋಗಕ್ಕೆ ಮದ್ದು ಸಿಕ್ಕೀತೆಂದು ನಾನು ಹೇಳಲಾರೆನು. ಹಾಗೆ ಹೇಳುವವರನ್ನು ನಂಬಲೂ ಬಾರದು. ಆದರೆ ಹಿರೇಹಳ್ಳಿಯ ಗಿಡ್ಡ ಅಡಕೆಯ ಸಂಗತಿಯನ್ನು ಯೋಚಿಸಿ ನೋಡಿರಿ. ಅದು ತಾನಾಗಿ ಹುಟ್ಟಿದ ಕುಳ್ಳು ಜಾತಿ. ಅದರ ಅಡಕೆಗೆ ಪೇಟೆಯಲ್ಲಿ ಬೆಲೆಯಿಲ್ಲ. ನಿರುಪಯೋಗವೆಂದು ಕಡಿದಿದ್ದರೆ ಕೇಳುವವರಿರಲಿಲ್ಲ. ಅದನ್ನು ಉಳಿಸಿದುದರಿಂದಲೇ ವಿಟ್ಲದ ಸಂಶೋಧನಾ ಕೇಂದ್ರದವರು ಸುಮಂಗಳ, ಮೋಹಿತ್‌ನಗರ ಎಂಬ ಉತ್ತಮ ತಳಿಗಳೊಡನೆ ಅದನ್ನು ಸಂಕರಮಾಡಿ ಕುಳ್ಳು ತಳಿಗಳನ್ನು ಪಡೆದರು. ಮರ ಹತ್ತುವ ಕೊನೆಗಾರರು ಸಿಗದ ಈ ಕಾಲದಲ್ಲಿ ಗಿಡ್ಡ ಮರದ ಬೆಲೆಯೆಷ್ಟೆಂದು ತೋಟದ ಯಜಮಾನರಿಗೆ ಹೇಳಬೇಕಾದುದಿಲ್ಲ.

ಕರಾವಳಿಯ ಕಡೆಯ ಶ್ರೀತಾಳೆಯ ಅವಸ್ಥೆಯು ಇನ್ನೂ ಶೋಚನೀಯವಾದುದು. ಇದು 30ರಿಂದ 80 ವರ್ಷಗಳವರೆಗೆ ಬೆಳೆದು, ಆಯುಷ್ಯದಲ್ಲಿ ಒಂದೇ ಸಲ ಹೂ ಬಿಟ್ಟು, ಕಾಯಿ ಬಲಿತ ಮೇಲೆ ಒಣಗುವುದು. ಹೂ ಬಿಟ್ಟರೆ ಊರಿಗೆ ಅನಿಷ್ಟವೆಂದು ಕೆಲವರು ಆಗಲೇ ಕಡಿದುಹಾಕುವರು. ಹೇಗೂ ಸಾಯುವ ಮರವಲ್ಲವೆ ಎಂಬ ಸಮಾಧಾನ ಬೇರೆ. ಆ ಒಂದು ಫಸಲೇ ಅದರ ಸಂತಾನವೆಲ್ಲವೆಂಬುದನ್ನು ಮರೆಯಬಾರದು. ನಮ್ಮ ಹಿರಿಯರ ಓಲೆಗರಿಯ ಗ್ರಂಥಗಳು ಈ ಮರದ ಎಲೆಗಳ ಮೇಲೆಯೇ ಬರೆಯಲ್ಪಟ್ಟವು. ಕಾಯಿ ಬಲಿತು ಉದುರುವವರೆಗೆ ಒಂದು ವರ್ಷ ತಾಳಿರೆಂದಷ್ಟೇ ನನ್ನ ಕೋರಿಕೆ.

ಶೋಧನೆಗೆ ಹಣ ಬೇಡ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನಬೆಟ್ಟದ ಸೌಲಭ್ಯವುಂಟು. ಅದರೊಳಗಿನ ಹಳ್ಳಗಳನ್ನು ಯಜಮಾನರು ಕೊನೆಗಾರನೊಡನೆ ಒಮ್ಮೆ ನಡೆದು ನೋಡಿದರೆ ಸಾಕು. ಬೆಳೆದ ಗಿಡಗಳೆಷ್ಟು, ಸಸಿಗಳೆಷ್ಟು ಎಂದು ಬೇರೆಬೇರೆಯಾಗಿ ಎಣಿಸತಕ್ಕದ್ದು. ದೊಡ್ಡವು ಇದ್ದು ಸಸಿಗಳಿಲ್ಲದಿದ್ದರೆ ಆ ಹಿಂಡು ಮುಗಿಯುವ ಹಾದಿಯಲ್ಲಿದೆಯೆಂದು ತಿಳಿಯಬೇಕು. ಸುಳಿಯನ್ನು ಮಾತ್ರ ಮುಟ್ಟಕೂಡದು. ಈ ಕುಲದ ಕಾಂಡಕ್ಕೆ ಬೆಳೆಯುವ ತುದಿ ಒಂದೇ, ಅದನ್ನು ಕಡಿದರೆ ಕಾಂಡವು ಸತ್ತಂತೆ. ಸಸಿಯನ್ನು ಕಿತ್ತು ಅಂಗಳದಲ್ಲಿ ನೆಡುವ ಆಸೆಯೂ ಬೇಡ. ಬೇಕಿದ್ದರೆ ಸ್ವಂತ ಭೂಮಿಯಲ್ಲಿ ಉದುರಿದ ಹಣ್ಣುಗಳಲ್ಲಿ ಕೆಲವನ್ನಾಯ್ದು, ಒಣಗಲು ಬಿಡದೆ ಕೂಡಲೇ ನೆರಳಿನ ಮಡಿಯಲ್ಲಿ ಊರಬಹುದು. ಅಲಂಕಾರದ ಗಿಡಗಳ ವ್ಯಾಪಾರಿಗಳು ಜಾಗವನ್ನು ವಿಚಾರಿಸಿಕೊಂಡು ಬಂದರೆ ಹೇಳಕೂಡದು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಅದರದೊಂದು ದಾಖಲೆಯೂ ಇರತಕ್ಕದ್ದು. ಗ್ರಾಮ ಪ್ರಮುಖರು ಆ ಪುಸ್ತಕವನ್ನು ತರಿಸಿ, ಕಾಡುತಾಳೆಗಳ ಪುಟದಲ್ಲಿ ಏನು ಬರೆದಿದೆಯೆಂದು ನೋಡಲಿ. ಪುಟವೇ ಇಲ್ಲದಿದ್ದರೆ ತೆರೆಯಲಿ.

ಆ ತೋಟದ ಯಜಮಾನರ ಮಗನು ಕಳೆದ ಮಳೆಗಾಲದ ಮೇಲೆ ಹಳ್ಳದ ಮೂಲದವರೆಗೂ ಹತ್ತಿ, ಬಂಡೆಯ ಸಂದಿನಲ್ಲಿ ಕಾಡಡಿಕೆಯ 3 ಹಿಂಡುಗಳನ್ನು ಕಂಡು ನನಗೆ ತಿಳಿಸಿರುವನು. ಸಸಿಗಳೂ ಇವೆಯಂತೆ. ಎಣಿಸಲು ಈ ತಿಂಗಳು ಹೋಗತಕ್ಕವನಿದ್ದೇನೆ.