ಆಜೀವ ಸದಸ್ಯತ್ವವೆಂಬ ಸಾಲ

ಶರಣಬಂಧುಗಳೇ, ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ನಾವು, ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಮ್ಮೆ ಸಾವಿರ ರೂಪಾಯಿ ಸಲ್ಲಿಸಿ ‘ಆಜೀವ ಸದಸ್ಯ’ರಾಗಿ, ಋಣ ತೀರಿತೆಂದು ಕುಳಿತಿದ್ದೇವೆ. ತೀರಿತೇ? ಲೆಕ್ಕ ಹಾಕಿ ನೋಡಿರಿ. ಆ ಸಾವಿರವನ್ನು ಠೇವಣಿಯಿಟ್ಟರೆ ನೂರಕ್ಕೆ 6ರಂತೆ ವರ್ಷಕ್ಕೆ 60 ರೂಪಾಯಿ ಬಡ್ಡಿ. ಬೆಲೆಗಳೂ ಅದೇ ವೇಗದಲ್ಲಿ ಏರಿದರೆ, 12 ವರ್ಷಗಳ ತರುವಾಯ ಆ 60 ರೂಪಾಯಿಗೆ ದೊರೆಯುವುದು ಇಂದಿನ 30 ರೂಪಾಯಿಯ ಅಕ್ಕಿ ಮಾತ್ರ. ಸದಸ್ಯತ್ವವೊಂದೇ ಆಜೀವ! ಇನ್ನು, ಆ ಹಣವನ್ನು ವರ್ಷದ ಆದಾಯವೆಂದು ಬರೆದು ಸ್ನೇಹಕೂಟದ ಶಾಮಿಯಾನಕ್ಕೂ ಸ್ಮರಣಸಂಚಿಕೆಗೂ ಸುರಿಯುವ ಸಂಘಗಳು ಬಿತ್ತನೆಯ ಬೀಜವನ್ನೇ ಬೇಯಿಸಿ ಉಣ್ಣುತ್ತಿವೆ.

ಮೂಲನಿಧಿ ದೊಡ್ಡದಾದರೆ ವಂತಿಗೆಯೇ ಬೇಡವೆನ್ನುವ ಜಾಣರುಂಟು. ಬಡ್ಡಿಯನ್ನೆಲ್ಲ ಉಂಡರೆ ಎಷ್ಟು ದೊಡ್ಡ ನಿಧಿಯೂ ಒಳಗೊಳಗೇ ಸವೆಯುತ್ತದೆಂಬುದನ್ನು ಅವರೇಕೆ ಹೇಳುವುದಿಲ್ಲ? 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಸಪ್ತರ್ಷಿಗಳು ಆಜೀವ ಸದಸ್ಯರೆನಿಸಿದ್ದು ತಮ್ಮ ದುಡಿಮೆಯನ್ನೇ ಧಾರೆಯೆರೆದು, ರಸೀದಿ ಪಡೆದಲ್ಲ.

ಆದುದರಿಂದ ಬರುವ ಸರ್ವಸಾಧಾರಣ ಸಭೆಯಲ್ಲಿ ಆಜೀವ ಸದಸ್ಯತ್ವವನ್ನು ನಿಲ್ಲಿಸಿರಿ. ವರ್ಷಕ್ಕೊಂದು ದಿನದ ಸಂಪಾದನೆಯನ್ನು ವಂತಿಗೆಯೆಂದು ಗೊತ್ತುಮಾಡಿರಿ. ಬಡ್ಡಿಯ ಒಂದು ಪಾಲು ತಪ್ಪದೆ ಮೂಲಕ್ಕೇ ಸೇರಲಿ. ಹಳೆಯ ಆಜೀವ ಸದಸ್ಯರೂ ಈ ವಂತಿಗೆಗೆ ಹೊರತಲ್ಲ.