ಹೊಲ ಅಡವಿಡುವ ಮುನ್ನ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಎಂ.ಎಸ್ಸಿ. ಓದಿದ ಮಕ್ಕಳು ಜೀವಶಾಸ್ತ್ರದ ಉನ್ನತ ವ್ಯಾಸಂಗಕ್ಕಾಗಿ ಅಮೆರಿಕದತ್ತ ನೋಡುತ್ತಿದ್ದಾರೆ. ಈ ಜ್ಞಾನದಾಹ ಸ್ತುತ್ಯರ್ಹವೇ. ಆದರೆ ಅದಕ್ಕಾಗಿ ಹೊಗೆಸೊಪ್ಪಿನ ಹೊಲವನ್ನು ಅಡವಿಡುವ ಮಾತು ಕೇಳಿದಾಗ ನಾವು ಚಿಂತಿತರಾಗುತ್ತೇವೆ. ಆ ಹೊಲದಲ್ಲಿ ತಮ್ಮತಂಗಿಯರ ಪಾಲೂ ಇದೆಯಷ್ಟೆ.

ಇಲ್ಲಿ ಒಂದು ಭೇದವನ್ನು ಅರಿಯುವುದು ಅವಶ್ಯಕ. ಅಲ್ಲಿನ ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ ವಿದ್ಯಾರ್ಥಿಯೇ ಹಣ ತೆರಬೇಕು. ಜೀವಶಾಸ್ತ್ರದ ಪಿಎಚ್.ಡಿ.ಗಾದರೋ, ಬಹುತೇಕ ವಿಶ್ವವಿದ್ಯಾನಿಲಯಗಳು ಬೋಧನಾ ಶುಲ್ಕವನ್ನು ತಾವೇ ಭರಿಸಿ, ಪಾಠ ಅಥವಾ ಸಂಶೋಧನೆಯ ಕೆಲಸಕ್ಕೆ ಪ್ರತಿಯಾಗಿ ಜೀವನವೇತನವನ್ನೂ ನೀಡುತ್ತವೆ. ಈ ಅರ್ಜಿಗಳ ಗಡುವು ಹೆಚ್ಚಾಗಿ ಡಿಸೆಂಬರಿನ ಆಸುಪಾಸಿನಲ್ಲಿರುತ್ತದೆ. ಅರ್ಜಿ ಶುಲ್ಕದ ವಿನಾಯಿತಿಯನ್ನು ಕೇಳುವ ಅವಕಾಶವೂ ಹಲವೆಡೆ ಉಂಟು. ಜಿ.ಆರ್.ಇ. ಪರೀಕ್ಷೆಯನ್ನು ಅನೇಕ ವಿಭಾಗಗಳು ಕೈಬಿಟ್ಟಿವೆ.

ಅರ್ಜಿಯೊಡನೆ ಸಲ್ಲಿಸುವ ಶಿಫಾರಸು ಪತ್ರವನ್ನು ಗುರುಗಳಾದ ನಮ್ಮಿಂದ ಬಯಸುವ ಪೋಷಕರಿದ್ದಾರೆ. ನಡತೆಗೆ ನಾವು ಸಾಕ್ಷಿಯಾಗಬಲ್ಲೆವು; ಸಂಶೋಧನಾ ಸಾಮರ್ಥ್ಯಕ್ಕೆ ಸಾಕ್ಷಿ ನುಡಿಯಬೇಕಾದವರು ಪ್ರಯೋಗಾಲಯದಲ್ಲಿ ಅವರ ಕೆಲಸವನ್ನು ಕಂಡ ಅಧ್ಯಾಪಕರೇ. ಅಂಕಪಟ್ಟಿಗಿಂತ ಮಿಗಿಲಾಗಿ ಅಲ್ಲಿ ಕೇಳುವುದು, 'ನೀನು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿರುವೆ?' ಎಂದು.

ಅಂಥ ಪ್ರಶ್ನೆಗಳು ನಮ್ಮ ಕಾಡಂಚಿನಲ್ಲೇ ಇವೆ. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿದ ಡಾ. ಉಲ್ಲಾಸ ಕಾರಂತರು 1988ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದಿಂದ ವನ್ಯಜೀವಿ ವಿಜ್ಞಾನದ ಸ್ನಾತಕೋತ್ತರ ಪದವಿಯನ್ನೂ, 1993ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟನ್ನೂ ಪಡೆದರು. ಕ್ಯಾಮೆರಾ ಚಿತ್ರಗಳಲ್ಲಿ ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಅವುಗಳ ಸಂಖ್ಯೆಯನ್ನು ಅಂದಾಜಿಸುವ ಅವರ ಪ್ರಬಂಧ 1995ರಲ್ಲಿ ಪ್ರಕಟವಾಯಿತು. ಆ ಅಧ್ಯಯನ ನಡೆದದ್ದು ನಮ್ಮ ನಾಗರಹೊಳೆಯಲ್ಲಿ. ವಿದ್ಯೆ ದೂರದಿಂದ ಬಂದರೂ ಅದರ ವಿಷಯ ಮನೆಯ ಹಿತ್ತಲಿನದೇ ಆಗಿರಬಹುದೆಂಬುದಕ್ಕೆ ಇದು ನಿದರ್ಶನ.

ವಿದೇಶದ ಬಾಗಿಲು ಸದಾ ತೆರೆದಿರುವುದೂ ಇಲ್ಲ. ಸಂಶೋಧನಾ ಅನುದಾನದ ಅನಿಶ್ಚಿತತೆಯಿಂದ 2025ರಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳು ಪಿಎಚ್.ಡಿ. ಪ್ರವೇಶಗಳನ್ನು ಕಡಿತಗೊಳಿಸಿದವು. ಆದ್ದರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೂ ಜೊತೆಜೊತೆಗೆ ಅರ್ಜಿ ಹಾಕುವುದು ವಿವೇಕದ ನಡೆ. ಅಲ್ಲಿಯೂ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಶಿಷ್ಯವೇತನವಿದೆ.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ: ಪ್ರವೇಶಪತ್ರ ಕೈಸೇರಿದಾಗ ಸಿಹಿ ಹಂಚುವ ಮುನ್ನ ಅದರಲ್ಲಿ ಶುಲ್ಕ ಮತ್ತು ವೇತನದ ಕುರಿತು ಬರೆದಿರುವ ಸಾಲನ್ನು ಮಕ್ಕಳಿಂದ ಓದಿಸಿ ಕೇಳಿರಿ. ಆ ಸಾಲೇ ಅಲ್ಲಿಲ್ಲವಾದರೆ, ಹೊಲದ ಪತ್ರಗಳು ಪೆಟ್ಟಿಗೆಯಲ್ಲೇ ಇರಲಿ.