ಕೈಯಿಂದ ಹೊಲಿದ ಒರೆ

ಅಡಿಕೆಯ ಕೊಯ್ಲು ಮುಗಿದ ಮೇಲೆ ಚನ್ನಗಿರಿ, ನ್ಯಾಮತಿಗಳ ತೋಟದ ಮನೆಗಳಲ್ಲಿ ಕೈಗೆ ತುಸು ಬಿಡುವು ದೊರೆಯುತ್ತದೆ. ಆಗ ಇಸ್ಪೀಟಿನ ಎಲೆ ಹಿಡಿಯುವವರುಂಟು. ಸೊಂಟದ ಚೂರಿಗೆ ಚರ್ಮದ ಒರೆಯೊಂದನ್ನು ತಾನೇ ಹೊಲಿಯಬೇಕೆಂದು ಹಟ ತೊಡುವವರೂ ಉಂಟು. ಪಿಸ್ತೂಲಿನ ಒರೆಯಾದರೂ ಕೆಲಸದ ಕ್ರಮ ಒಂದೇ. ಆದರೆ ಪಿಸ್ತೂಲಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಬೇಕು; ಹವ್ಯಾಸಿಗೆ ಅದೇ ಅಳತೆಯ ಮರದ ಅಚ್ಚು ಸಾಕು.

ಒರೆಗೆ ಎಲ್ಲ ಚರ್ಮವೂ ಸಲ್ಲದು. ಕ್ರೋಮ್ ಲವಣದಿಂದ ಹದಮಾಡಿದ ಚರ್ಮ ಮೆದುವಾದುದು. ಒತ್ತಿದ ಆಕಾರವನ್ನು ಅದು ಉಳಿಸಿಕೊಳ್ಳದು. ತೊಗಟೆ, ಕಾಯಿಗಳ ಒಗರಿನಲ್ಲಿ ಹದಗೊಂಡ, ಸುಮಾರು 3 ಮಿಲಿಮೀಟರ್ ದಪ್ಪದ ಚರ್ಮವೇ ಬೇಕು. ಜಗಳೂರಿನಂಥ ಒಣಸೀಮೆಯಲ್ಲಿ ಹಳದಿ ಹೂ ಬಿಡುವ ತಂಗಡಿಯ ತೊಗಟೆ, ಕಾಡಿನ ಅಳಲೆಕಾಯಿ—ಇವೇ ಆ ಒಗರಿನ ಭಂಡಾರಗಳು.

ಮೊದಲು ಕಾಗದದ ಮಾದರಿ. ಅದರಂತೆ ಚರ್ಮವನ್ನು ಕತ್ತರಿಸಿ, ಅಂಚಿನಿಂದ 4 ಮಿಲಿಮೀಟರ್ ಒಳಗೆ ಗೆರೆಯೆಳೆದು, ಉಳಿಯಿಂದ ಸಮದೂರದಲ್ಲಿ ರಂಧ್ರ ಮಾಡಬೇಕು. ಜೇನುಮೇಣ ಸವರಿದ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ. ಎರಡೂ ಒಂದೇ ರಂಧ್ರದಲ್ಲಿ ಎದುರುಬದುರಾಗಿ ಹಾಯಬೇಕು. ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಬಳಿಕ ಒರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಅಚ್ಚನ್ನು ಒಳಗಿರಿಸಿ, ಬೆರಳಿನಿಂದ ಒತ್ತಿ, ನೆರಳಿನಲ್ಲಿ ಒಣಗಿಸಬೇಕು. ಬೆಂಕಿಯ ಬಳಿ ಇಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ. ಒದ್ದೆ ಚರ್ಮಕ್ಕೆ ಬರಿಯ ಕಬ್ಬಿಣ ತಗುಲಿದರೆ ಕಪ್ಪು ಕಲೆ ನಿಲ್ಲುತ್ತದೆ. ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಹಿಂದಿನವರು ಮಸಿ ಮಾಡುತ್ತಿದ್ದುದು ಈ ಗುಣದಿಂದಲೇ. ಕೊನೆಗೆ ಅಂಚನ್ನು ಉಪ್ಪುಕಾಗದದಿಂದ ತಿಕ್ಕಿ, ತುಸು ನೀರು ಸವರಿ, ನುಣುಪಾದ ಮರದಿಂದ ಉಜ್ಜಿದರೆ ಹೊಳಪು ಬರುತ್ತದೆ. ಚೂರಿಯನ್ನು ಮಾತ್ರ ಬಹುಕಾಲ ಒರೆಯಲ್ಲೇ ಬಿಡಲಾಗದು. ಚರ್ಮ ಹೀರಿದ ತೇವ ಅಲಗಿಗೆ ತುಕ್ಕಾಗಿ ಪರಿಣಮಿಸುತ್ತದೆ.

ಇಷ್ಟೆಲ್ಲವನ್ನು ಕಲಿಸುವವರು ಯಾರು? ಹೊನ್ನಾಳಿಯಂಥ ಊರಿನ ಪೇಟೆಯಲ್ಲಿ ಗೋಣಿ ಹಾಸಿ ಕುಳಿತ ಸಮಗಾರರೇ ಅಲ್ಲವೆ? ಅವರ ಕೈಯಲ್ಲಿದ್ದಾಗ ಕೀಳೆನಿಸಿದ ಕೆಲಸ, ಉಳ್ಳವರ ಕೈಗೆ ಬಂದೊಡನೆ ‘ಹವ್ಯಾಸ’ವೆನಿಸುವುದು ವಿಚಿತ್ರ. ಬಸವಣ್ಣನವರು ತಂದೆಯ ಸ್ಥಾನದಲ್ಲಿಟ್ಟು ಗೌರವಿಸಿದ ಮಾದಾರ ಚೆನ್ನಯ್ಯನವರು ಕೈಯುಳಿ, ಕತ್ತಿ, ಅಡಿಗೂಟಗಳ ಹೆಸರನ್ನು ತಮ್ಮ ವಚನಗಳ ಅಂಕಿತದಲ್ಲೇ ಸೇರಿಸಿಕೊಂಡಿದ್ದರು. ಅವರಿಗೆ ಆ ಉಪಕರಣಗಳಿಂದ ನಾಚಿಕೆಯಿರಲಿಲ್ಲ.

ಉಳಿ ಹಿಡಿಯುವುದನ್ನು ಕಲಿಯಹೊರಟವರು ಕಲಿಸುವವರನ್ನು ಹೊಸ್ತಿಲೊಳಗೆ ಕರೆದು, ಕುರ್ಚಿಯಿತ್ತು, ವಿದ್ಯೆಗೆ ತಕ್ಕ ಸಂಭಾವನೆ ಸಲ್ಲಿಸಲಿ. ಒರೆಯನ್ನು ಹೊಲಿಯುವ ಕೆಲಸ ಮನಸ್ಸನ್ನೂ ಒರೆಗೆ ಹಚ್ಚುತ್ತದೆ.